ಪಾಯ ತೋಡಿ ನೆಟ್ಟ ಹೂವು

ಒಂಬತ್ತು ವರ್ಷ ಮೂಳೆ ಆಸ್ಪತ್ರೆಯ ತೋಟದಲ್ಲಿ ಕಳೆ ಕಿತ್ತವಳಿಗೆ ಇದ್ದದ್ದು ಒಂದೇ ಆಸೆ: ಎಲ್ಲಿ ಏನು ನೆಡಬೇಕೆಂದು ಹೇಳುವ ಬಾಯಿ ತನ್ನದಾಗಬೇಕು. ಅಷ್ಟು ವರ್ಷ ಆ ಬಾಯಿ ಮುಖ್ಯ ಮಾಲಿಯದಾಗಿತ್ತು. ಅವನು ಬೆರಳು ತೋರಿಸುತ್ತಿದ್ದ, ಇವಳು ಬಗ್ಗುತ್ತಿದ್ದಳು. ಹೂವು ಬಂದರೆ ಅವನ ಜಾಣತನ, ಬರದಿದ್ದರೆ ಇವಳ ಕೈಗುಣ. ಈಗ ಅವನು ನಿವೃತ್ತನಾಗಿ ಮಗಳ ಮನೆ ಸೇರಿದ್ದ, ಕುರ್ಚಿ ಖಾಲಿ ಬಿದ್ದಿತ್ತು. ಕುರ್ಚಿಯೆಂದರೆ ಗೊಬ್ಬರದ ಕೋಣೆಯ ಮೂಲೆಯಲ್ಲಿದ್ದ, ಒಂದು ಕಾಲು ಅಲ್ಲಾಡುವ ಸ್ಟೂಲು. ಅದಕ್ಕೇನಂತೆ, ಕುರ್ಚಿ ಕುರ್ಚಿಯೇ.

ಆಸ್ಪತ್ರೆಯವರೆಲ್ಲ ಅವಳನ್ನು ಮೇಸ್ತ್ರಿ ಸೊಸೆ ಎಂದು ಕರೆಯುತ್ತಿದ್ದರು. ಅವಳ ಮಾವ ಗಾರೆ ಮೇಸ್ತ್ರಿ. ಆಸ್ಪತ್ರೆಯ ಹಳೇ ವಾರ್ಡಿನ ಉದ್ದನೆಯ ಕಟ್ಟಡ ಎದ್ದದ್ದು ಅವರ ಕೈಯಲ್ಲೇ. ಮಂಡಿನೋವು ಹಿಡಿದು ಅವರು ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಮಂಡಿಯೊಂದನ್ನು ಬಿಟ್ಟರೆ ಉಳಿದ ಮೈಯೆಲ್ಲ ಇನ್ನೂ ಮೇಸ್ತ್ರಿಯೇ. ಊಟಕ್ಕೆ ಕೂತಾಗ ತಟ್ಟೆ ಓರೆಯಾಗಿದೆಯೆಂದು ಅದರ ಕೆಳಗೆ ಕಾಗದ ಮಡಚಿಡುವ ಆಸಾಮಿ.

ಸೊಸೆಗೆ ಅವಕಾಶ ಬಂದದ್ದು ಗೇಟಿನ ಪಕ್ಕದ ಒಂದು ಚೂರು ಜಾಗದಿಂದ. ಬೇಸಿಗೆ ಮುಗಿಯುವಾಗ ಯಾರೂ ಲೆಕ್ಕಕ್ಕಿಡದ ಆ ಮೂಲೆಯಲ್ಲಿ ಅವಳು ಶರತ್ಕಾಲದ ಕ್ರೋಕಸ್ ಗೆಡ್ಡೆಗಳನ್ನು ಹೂತಿದ್ದಳು. ಉಳಿದ ಗಿಡಗಳೆಲ್ಲ ಎಲೆ ಉದುರಿಸಿ ಮುದುರುವ ಹೊತ್ತಿಗೆ, ಎಲೆಯ ಸುಳಿವೇ ಇಲ್ಲದೆ ಬರೀ ಮಣ್ಣಿನಿಂದ ನೇರಳೆ ಬಟ್ಟಲುಗಳು ಎದ್ದು ನಿಂತವು. ದೊಡ್ಡ ಡಾಕ್ಟರು ಕಾರು ನಿಲ್ಲಿಸಿ ಇಳಿದರು. ಆಸ್ಪತ್ರೆಯ ಆಡಳಿತವೂ ಅವರದೇ, ಕಷ್ಟದ ಆಪರೇಷನ್ನುಗಳೂ ಅವರವೇ. ಹೂವಿಗಾಗಿ ಕಾರು ನಿಲ್ಲಿಸುವ ಪೈಕಿಯವರಲ್ಲ.

"ಇದನ್ನ ಯಾರು ನೆಟ್ಟಿದ್ದು?"

"ನಾನೇ ಸಾರ್."

"ಯಾರು ನೆಡು ಅಂದಿದ್ದು?"

"ಯಾರೂ ಅನ್ಲಿಲ್ಲ ಸಾರ್."

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಬಂದದ್ದು ಕೆಲಸ. ವಸಂತದಲ್ಲಿ ಹೊಸ ಕಟ್ಟಡದ ಉದ್ಘಾಟನೆ. ಗೇಟಿನಿಂದ ಅಲ್ಲಿಗೆ ಹೋಗುವ ದಾರಿ ಹಳೇ ವಾರ್ಡಿನ ಹನ್ನೆರಡು ಕಿಟಕಿಗಳ ಮುಂದೆಯೇ ಹಾಯುತ್ತದೆ. ದಾರಿಗೂ ಕಿಟಕಿಗಳಿಗೂ ನಡುವೆ ಉದ್ದಕ್ಕೆ ಬರಿದಾಗಿ ಬಿದ್ದಿದ್ದ ಮಣ್ಣಿನ ಪಟ್ಟಿ ಆ ದಿನ ಈ ತುದಿಯಿಂದ ಆ ತುದಿಯವರೆಗೆ ಹೂವಾಗಿರಬೇಕು. ಆಯಿತೋ, ಮುಖ್ಯ ಮಾಲಿಯ ಕೆಲಸ ಅವಳದು. ಆಗಲಿಲ್ಲವೋ, ತೋಟ ಪೂರ್ತಿ ಹೊರಗಿನ ಒಂದು ಕಂಪನಿಯ ಪಾಲು. ಅವರ ಜೊತೆ ಆಗಲೇ ಮಾತುಕತೆ ನಡೆದಿತ್ತು.

ಡಾಕ್ಟರಿಗೆ ಕೆಂಪು ಟ್ಯುಲಿಪ್ ಬೇಕಿತ್ತು. ಸೊಸೆ ತಲೆಯಾಡಿಸಲಿಲ್ಲ.

"ಟ್ಯುಲಿಪ್ ಗೆಡ್ಡೆನ ಹೆಗ್ಗಣಗಳು ಬಾಯಿ ಚಪ್ಪರಿಸ್ಕೊಂಡು ತಿಂತವೆ ಸಾರ್. ನಮ್ಮ ಅಡುಗೆಮನೆ ಹಿಂದಿರೋ ಹೆಗ್ಗಣಗಳನ್ನ ನೀವು ನೋಡಿಲ್ಲ. ಹಳದಿ ಹೂವಿನ ಡ್ಯಾಫೋಡಿಲ್ ಇದೆಯಲ್ಲ, ಅದರ ಗೆಡ್ಡೆ ವಿಷ, ಮೂಸಿ ನೋಡಿ ಹಾಗೇ ಹೋಗ್ತವೆ. ಮತ್ತೆ, ಆಪರೇಷನ್ ಆಗಿ ಮಲಗಿರೋರಿಗೆ ಕಿಟಕಿ ಆಚೆನೂ ಕೆಂಪೇ ಕಾಣ್ಬೇಕಾ?"

ಡಾಕ್ಟರು "ಹಳದಿನೇ ಇರಲಿ," ಎಂದರು.

ಎರಡು ಸಾವಿರ ಗೆಡ್ಡೆ, ಎಲ್ಲ ಒಂದೇ ತಳಿ, ಜಾಲರಿ ಚೀಲಗಳಲ್ಲಿ ಬಂದಿಳಿದವು. ಒಂದೇ ತಳಿ, ಒಂದೇ ಆಳ, ಹಾಗಾಗಿ ಒಟ್ಟಿಗೇ ಅರಳು: ಇದು ಅವಳ ಲೆಕ್ಕ. ಚೀಲ ತಂದವನನ್ನು ನಿಲ್ಲಿಸಿಕೊಂಡೇ ಒಂದೊಂದು ಗೆಡ್ಡೆಯನ್ನೂ ಅಂಗೈಯಲ್ಲಿ ತೂಗಿ ನೋಡಿದಳು, ಬುಡಕ್ಕೆ ಹೆಬ್ಬೆರಳು ಒತ್ತಿದಳು. ಬುಡ ಮೆತ್ತಗಿದ್ದರೆ ಕೊಳೆ ಹಿಡಿದಿದೆ. ದಪ್ಪಗಿದ್ದೂ ಹಗುರಾಗಿದ್ದರೆ ಒಳಗೆ ಒಣಗಿದೆ. ಮೊಳಕೆ ಬರುವ ಮೂತಿ ಎರಡಿರುವುದು ಸಿಕ್ಕರೆ ಎರಡು ಹೂದಂಟು ಗ್ಯಾರಂಟಿ. ಅಂಥದ್ದು ಕೈಗೆ ಬಂದಾಗ ಮುಖ ಅಗಲವಾಗುತ್ತಿತ್ತು.

"ಅಕ್ಕಾ, ಇದು ಗೆಡ್ಡೆ, ಚಿನ್ನ ಅಲ್ಲ," ಎಂದ ಚೀಲದವನು, ಕಾಲು ಬದಲಿಸುತ್ತ.

"ಚಿನ್ನ ಆಗಿದ್ರೆ ಕಣ್ಣು ಮುಚ್ಕೊಂಡು ತಗೋತಿದ್ದೆ. ಚಿನ್ನ ಕೊಳೆಯಲ್ಲ."

ಎರಡು ಚೀಲ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು ಹೋದವು.

ಇನ್ನು ಮೂರು ದಿನಕ್ಕೆ ಮಳೆ ಹಿಡಿಯುವ ಸೂಚನೆಯಿತ್ತು. ಮಣ್ಣು ಕೆಸರಾಗುವ ಮೊದಲೇ ನೆಟ್ಟು ಮುಗಿಸಬೇಕು. ಅದೇ ಹೊತ್ತಿಗೆ ಹೊಸ ಕಟ್ಟಡದ ಮುಂದೆ ನಲವತ್ತು ದೊಡ್ಡ ಕುಂಡಗಳನ್ನು ತುಂಬಿಸುವ ಕೆಲಸವೂ ಅವಳ ತಲೆಗೇ ಬಂತು. ಇರುವುದು ಎರಡೇ ಕೈ.

"ಆ ಪಟ್ಟಿ ನನಗೆ ಬಿಡಮ್ಮ," ಎಂದರು ಮಾವ. "ನನ್ನ ಹಳೇ ಜೊತೆಗಾರರಿಬ್ಬರು ಮನೇಲಿ ನೊಣ ಹೊಡೀತಾ ಕೂತಿದಾರೆ. ಅವರು ತೋಡ್ತಾರೆ, ನಾನು ನಿಂತು ಮಾಡಿಸ್ತೀನಿ. ನೆಲ ತೋಡೋದನ್ನ ನಮಗೆ ಹೇಳ್ಕೊಡ್ಬೇಕಾ?"

ಅವಳು ಮುಕ್ಕಾಲು ಗೇಣಿನ ಒಂದು ಕಡ್ಡಿ ಮುರಿದು ಕೈಗೆ ಕೊಟ್ಟಳು. "ಎಲ್ಲಾ ಕಡೆ ಇಷ್ಟೇ ಆಳ ಮಾವ. ಮೂತಿ ಮೇಲಕ್ಕಿರ್ಲಿ. ಗೆಡ್ಡೆಗೂ ಗೆಡ್ಡೆಗೂ ನಾಲ್ಕು ಬೆರಳು ಬಿಡಿ."

ಮೂರು ದಿನ ಅವಳು ಕುಂಡಗಳಲ್ಲೇ ಮುಳುಗಿದಳು. ಒಂದೊಂದರಲ್ಲೂ ಮೂರು ಅಂತಸ್ತು: ತಳದಲ್ಲಿ ತಡವಾಗಿ ಅರಳುವ ಟ್ಯುಲಿಪ್, ನಡುವೆ ಹಯಸಿಂತ್, ಮೇಲೆ ವಸಂತದ ಪುಟ್ಟ ಕ್ರೋಕಸ್, ಬಾಯಿಗೆ ಹೆಗ್ಗಣ ನುಗ್ಗದ ಹಾಗೆ ತಂತಿಬಲೆ. ಮೂರನೇ ದಿನ ಸಂಜೆ ಹನಿ ಬೀಳತೊಡಗಿದಾಗ ಸೊಂಟ ಹಿಡಿದುಕೊಂಡು ಹಳೇ ವಾರ್ಡಿನ ಮುಂದೆ ಬಂದಳು. ಪಟ್ಟಿ ಮುಚ್ಚಿಯಾಗಿತ್ತು, ಮೇಲ್ಮಣ್ಣು ಗಿಲಾವು ಮಾಡಿದ ಹಾಗೆ ನುಣುಪಾಗಿತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ನೀವಿಲ್ಲದಿದ್ರೆ ಮುಳುಗಿಹೋಗ್ತಿದ್ದೆ ಮಾವ," ಎಂದಳು. ಮಾವ ಮೀಸೆಯ ಮೇಲೆ ಕೈಯಾಡಿಸಿದರು.

ಚಳಿಗಾಲ ತನ್ನ ಪಾಡಿಗೆ ಬಂತು, ಹೋಯಿತು. ಕುಂಡಗಳಲ್ಲಿ ಹಸಿರು ಚಿಗಿತಿತು. ಪಟ್ಟಿಯಲ್ಲೂ ಗೇಟಿನ ಕಡೆಯ ಒಂದನೇ ಕಿಟಕಿಯ ಕೆಳಗೆ ಮೂತಿಗಳು ಸಾಲಾಗಿ ಎದ್ದವು, ಕೆಲವು ದಿನ ಬಿಟ್ಟು ಎರಡನೆಯದರ ಕೆಳಗೂ. ಅಲ್ಲಿಂದಾಚೆ ಬರೀ ಮಣ್ಣು. ಸೊಸೆ ದಿನಾ ಬೆಳಿಗ್ಗೆ ಬಂದು ನೋಡುತ್ತಿದ್ದಳು, ಮಣ್ಣು ಅವಳನ್ನೇ ನೋಡುತ್ತಿತ್ತು. ಉದ್ಘಾಟನೆಗೆ ಎರಡೇ ವಾರ ಉಳಿದಾಗ ತಡೆಯಲಾಗದೆ ಹನ್ನೆರಡನೇ ಕಿಟಕಿಯ ಕೆಳಗೆ ಕೈಯಿಂದಲೇ ತೋಡಿದಳು. ಮುಕ್ಕಾಲು ಗೇಣಿಗೆ ಏನೂ ಸಿಗಲಿಲ್ಲ. ಇನ್ನೂ ತೋಡಿದಳು. ಮೊಣಕೈ ಮುಳುಗುವಷ್ಟು ಹೋದ ಮೇಲೆ ಬೆರಳಿಗೆ ಒಂದು ಮೊಳಕೆ ತಾಕಿತು: ಬೆಳ್ಳಗೆ, ದಪ್ಪಗೆ, ಜೀವದಿಂದ, ಮೇಲಕ್ಕೆ ಬರುವ ಹಟದಲ್ಲಿ. ಇನ್ನೂ ಎಷ್ಟೋ ದಿನದ ದಾರಿ ಬಾಕಿಯಿತ್ತು. ಎಂಟನೇ ಕಿಟಕಿಯ ಹತ್ತಿರ ತೋಡಿದಳು, ಸ್ವಲ್ಪ ಮೇಲೆ. ಐದನೆಯದರ ಹತ್ತಿರ, ಇನ್ನೂ ಮೇಲೆ. ಗೇಟಿನಿಂದ ದೂರ ಹೋದಷ್ಟೂ ಗೆಡ್ಡೆ ಆಳಕ್ಕಿಳಿದಿದೆಯೆಂದು ತಿಳಿದು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

ಮಾವನನ್ನು ಕರೆತಂದು ತೋರಿಸಿದಾಗ ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

"ಆ ಕಡ್ಡಿ ಗೇಟಿನ ಹತ್ರ ಮಾತ್ರ ಇಟ್ಟು ನೋಡ್ದೆ. ನೋಡಮ್ಮ, ಈ ನೆಲ ಗೇಟಿಂದ ಆ ಕಡೆಗೆ ಏರುತ್ತೆ. ಕಣ್ಣಿಗೆ ಕಾಣಲ್ಲ, ಆದ್ರೆ ಪೂರಾ ಒಂದು ಗೇಣು ಏರು. ನೆಲಾನ ನಂಬಿ ಯಾರಾದ್ರೂ ಪಾಯ ತೋಡ್ತಾರಾ? ದಾರ ಕಟ್ಟಿ, ರಸಮಟ್ಟ ಇಟ್ಟು, ಈ ತುದಿಯಿಂದ ಆ ತುದಿಗೆ ತಳ ಸಮ ಮಾಡಿಸ್ದೆ. ನೀರು ಹುಯ್ದಿದ್ರೆ ಒಂದು ಕಡೆಗೂ ಹರೀತಿರ್ಲಿಲ್ಲ."

"ಇದರ ಮೇಲೆ ಮನೆ ಕಟ್ತೀವಾ ಮಾವ?"

ಮಾವ ಗೇಟಿನ ಕಡೆ ನೋಡಿದರು, ಹನ್ನೆರಡನೇ ಕಿಟಕಿಯ ಕಡೆ ನೋಡಿದರು, ಸೊಸೆಯ ಮಣ್ಣಾದ ತೋಳು ನೋಡಿದರು. ನಲವತ್ತು ವರ್ಷದ ಕಸುಬು ಗೊತ್ತಿದ್ದ ಮನುಷ್ಯನಿಗೆ ತನ್ನ ಕಸುಬೇ ತನಗೆ ಹೊಡೆದದ್ದು ಆಗ ಗೊತ್ತಾಯಿತು.

"ನಾನು ತೋಡಿದ ಒಂದು ಪಾಯಾನೂ ಇವತ್ತಿನವರೆಗೆ ಕುಸಿದಿಲ್ಲ ಕಣಮ್ಮ," ಎಂದರು. "ಈಗ ನಿನ್ನ ಕೆಲಸಾನೇ ಕುಸಿಯೋ ಹಾಗೆ ಮಾಡ್ಬಿಟ್ಟೆ. ನಾನೇ ಡಾಕ್ಟ್ರ ಹತ್ರ ಹೋಗಿ ಹೇಳ್ತೀನಿ."

"ಬೇಡ. ತೋಡ್ಸಿದ್ದು ನೀವು, ಮೂರು ದಿನ ಒಂದು ಸಲಾನೂ ಬಂದು ನೋಡದೆ ಇದ್ದವಳು ನಾನು."

ಮಾತು ದೊಡ್ಡದಾಗಿತ್ತು, ಮನಸ್ಸು ಅಷ್ಟು ದೊಡ್ಡದಾಗಿರಲಿಲ್ಲ. ಎರಡು ದಿನ ಅವಳು ಮಾವನಿಗೆ ಊಟ ಬಡಿಸಿದಳೇ ಹೊರತು ಮುಖ ಕೊಟ್ಟು ಮಾತಾಡಲಿಲ್ಲ. ಅವರ ತಟ್ಟೆ ಓರೆಯಾಗಿದ್ದರೂ ಅವರು ಕಾಗದ ಇಡಲಿಲ್ಲ. ಮೇಲ್ಮಣ್ಣು ಕೆರೆದು ತೆಗೆಯಬಹುದೇ ಎಂದು ಒಂದು ಮೂಲೆಯಲ್ಲಿ ಅವಳು ಪ್ರಯತ್ನ ಮಾಡಿದಳು; ಸಲಿಕೆ ತಾಕಿ ಎರಡು ಮೊಳಕೆ ಮುರಿದವು. ಅಲ್ಲಿಗೆ ಕೈ ಮುಗಿದು ಸುಮ್ಮನಾದಳು.

ಉದ್ಘಾಟನೆಯ ದಿನ ಮುಖ್ಯ ಅತಿಥಿ ಕಾರಿನಿಂದಿಳಿದು, "ಆಹಾ, ಎಂಥ ಹಳದಿ," ಎಂದು ಹೇಳಿ ಮುಗಿಸುವಷ್ಟರಲ್ಲಿ ಹಳದಿಯೇ ಮುಗಿದುಹೋಯಿತು. ಎರಡು ಕಿಟಕಿಯಷ್ಟು ಹೂವು, ಮುಂದಿನ ಎರಡರ ಕೆಳಗೆ ಬಿರಿಯದ ಮೊಗ್ಗು, ಅದರಾಚೆ ಹಸಿರು ಮೂತಿ, ಉಳಿದ ಕಿಟಕಿಗಳುದ್ದಕ್ಕೂ ನುಣ್ಣಗೆ ಗಿಲಾವು ಮಾಡಿದ ಮಣ್ಣು. ಬಂದವರು ನಯವಾಗಿ ಬೇರೆ ಕಡೆ ನೋಡಿಕೊಂಡು ನಡೆದರು. ದೊಡ್ಡ ಡಾಕ್ಟರ ಮುಖ ಗಂಟಾಯಿತು. ಮರುದಿನ ಅವಳನ್ನು ಕರೆಸಿ ಕೇಳಿದರು.

"ಕಾರಣ ಏನಾದ್ರೂ ಇದೆಯಾ?"

"ತಪ್ಪು ನನ್ನದು ಸಾರ್. ಕಾರಣ ಹೇಳಿದ್ರೆ ಹೂವು ಬರಲ್ಲ."

"ತಿಂಗಳ ಕೊನೇಲಿ ಕಂಪನಿಯವರು ಬಂದು ತೋಟ ನೋಡ್ತಾರೆ. ಅಲ್ಲಿವರೆಗೆ ನೀರು ಹಾಕ್ತಿರಿ," ಎಂದರು ಡಾಕ್ಟರು. ಅವಳು ಹೊರಗೆ ಬಂದು ಗೊಬ್ಬರದ ಕೋಣೆಯ ಬಾಗಿಲು ಹಾಕಿಕೊಂಡು ಸಾಕಾಗುವಷ್ಟು ಅತ್ತಳು. ಆಮೇಲೆ ಮುಖ ತೊಳೆದು ನೀರಿನ ಪೈಪು ಎಳೆದಳು.

ಆದರೆ ಹಳದಿಗೆ ಡಾಕ್ಟರ ಮಾತು ತಿಳಿದಿರಲಿಲ್ಲ, ಅದು ನಡೆಯುತ್ತಿತ್ತು. ಎರಡು ದಿನಕ್ಕೆ ಮೂರನೇ ಕಿಟಕಿ. ಮತ್ತೆರಡು ದಿನಕ್ಕೆ ನಾಲ್ಕನೆಯದು.

ವಾರ್ಡಿನೊಳಗೆ ಒಂದನೇ ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಬಸ್ ಕಂಡಕ್ಟರಮ್ಮ ಇದ್ದಳು. ತೊಡೆಮೂಳೆ ಮುರಿದು ಒಳಗೆ ರಾಡು ಹಾಕಿದ್ದರು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ವ್ಯಾಯಾಮ ಮಾಡಿಸುವಾಕೆ ಗೋಗರೆದರೂ, ದೊಡ್ಡ ಡಾಕ್ಟರೇ ಗದರಿದರೂ, "ಇಪ್ಪತ್ತು ವರ್ಷ ಓಡೋ ಬಸ್ಸಲ್ಲಿ ನಿಂತಿದೀನಿ, ಈಗ ಸ್ವಲ್ಪ ಮಲಗ್ತೀನಿ ಬಿಡಿ," ಎಂದು ಗೋಡೆ ಕಡೆ ತಿರುಗುತ್ತಿದ್ದಳು. ಮೊದಲ ಹೂವು ತನ್ನ ಕಿಟಕಿಗೆ ಬಂದದ್ದೇ ತಡ, ಅವಳ ಗತ್ತು ನೋಡಬೇಕಿತ್ತು. ನಾಲ್ಕನೇ ಕಿಟಕಿಯಾಕೆ ಒಂದು ಬೆಳಿಗ್ಗೆ, "ನಮ್ಮದು ಇವತ್ತೇ ಅರಳಿದ್ದು, ನಿಮ್ಮದರಷ್ಟು ಹಳಸಲು ಅಲ್ಲ," ಎಂದುಬಿಟ್ಟಳು.

"ಹಳಸಲಾ? ಸಿಸ್ಟರ್, ಆ ವಾಕರ್ ಕೊಡಿ ಇಲ್ಲಿ. ನಾನೇ ನೋಡಿ ಬರ್ತೀನಿ."

ನಾಲ್ಕು ಕಾಲಿನ ಆ ವಾಕರನ್ನು ಹಿಡಿದು ಅವಳು ಹಲ್ಲು ಕಚ್ಚಿಕೊಂಡು ನಾಲ್ಕನೇ ಕಿಟಕಿಯವರೆಗೆ ಹೋದಳು. ಹೋಗಿ, ನೋಡಿ, "ಪರವಾಗಿಲ್ಲ," ಎಂದು ತೀರ್ಪು ಕೊಟ್ಟು ಬಂದಳು. ಮೂರು ದಿನದಲ್ಲಿ ಐದನೆಯದು ಅರಳಿತು, ಅಲ್ಲಿಗೂ ಹೋದಳು. ಅವಳು ಹೋದದ್ದನ್ನು ನೋಡಿ ಎರಡನೇ ಮಂಚದಾಕೆ ಊರುಗೋಲು ಕೇಳಿದಳು. ಇಂದು ಹೂವು ಎಲ್ಲಿಗೆ ಬಂತು ಎನ್ನುವುದೇ ವಾರ್ಡಿನ ಮೊದಲ ಸುದ್ದಿಯಾಯಿತು. ತಿಂಡಿಯಾದ ಕೂಡಲೇ ಕಾರಿಡಾರಿನಲ್ಲಿ ವಾಕರುಗಳು, ಊರುಗೋಲುಗಳು, ಪ್ಲಾಸ್ಟರ್ ಕಾಲುಗಳು ಸಾಲು ಹಿಡಿಯುತ್ತಿದ್ದವು. ಮುಂದಾಳು ಕಂಡಕ್ಟರಮ್ಮ.

"ಆರನೇ ಕಿಟಕಿ, ಆರನೇ ಕಿಟಕಿ. ಇಳಿಯೋರು ಇಳೀರಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ."

ಹೊರಗೆ ನೀರು ಹಾಕುತ್ತಿದ್ದ ಸೊಸೆಗೆ ಕಿಟಕಿಯಿಂದ ಕಿಟಕಿಗೆ ತಲೆಗಳು ಗುಂಪಾಗಿ ಸರಿಯುವುದು ಮಾತ್ರ ಕಾಣುತ್ತಿತ್ತು. ಯಾವುದೋ ತಪಾಸಣೆ ಇರಬೇಕು ಎಂದುಕೊಂಡಿದ್ದಳು. ಒಂದು ದಿನ ಏಳನೇ ಕಿಟಕಿ ತೆರೆದು ಹಿರಿಯ ನರ್ಸು ತಲೆ ಹೊರಗೆ ಹಾಕಿದಳು.

"ಏನ್ರೀ, ನಾಳೆ ಎಂಟನೇ ಕಿಟಕಿಗೆ ಬರುತ್ತಾ ಹೂವು? ಒಳಗೆ ಬಿಸ್ಕತ್ತು ಪಣ ಕಟ್ಟಿದಾರೆ. ಇವರು ಮಂಚ ಬಿಟ್ಟು ಎದ್ದಿದ್ದೇ ನಿಮ್ಮ ಹೂವಿನ ಬೆನ್ನು ಹತ್ತಿ ಕಣ್ರೀ. ದಿನಾ ಎರಡೆರಡು ಹೆಜ್ಜೆ ಜಾಸ್ತಿ. ನಾವು ಔಷಧಿ ಕೊಟ್ಟು, ಬೈದು, ಕಾಲು ಹಿಡಿದು ಸಾಕಾಗಿತ್ತು."

ಸೊಸೆ ಪೈಪನ್ನು ಅಲ್ಲೇ ಬಿಟ್ಟು, ಬಂದ ನಗುವನ್ನು ತಡೆಯಲಾರದೆ ಮನೆಗೆ ಓಡಿದಳು. ಮಾವ ಉದ್ಘಾಟನೆಯ ದಿನದಿಂದ ಹೊಸಲು ದಾಟಿರಲಿಲ್ಲ. "ಏಳಿ ಮಾವ, ನಿಮ್ಮ ಪಾಯದ ಮೇಲೆ ಏನು ಕಟ್ಟಿದೆ ಬಂದು ನೋಡಿ," ಎಂದು ಕೈ ಹಿಡಿದೇ ಎಬ್ಬಿಸಿದಳು. ಅಂದಿನಿಂದ ಅವರು ದಿನಾ ಬಂದು ಕೈ ಹಿಂದಕ್ಕೆ ಕಟ್ಟಿಕೊಂಡು ಪಟ್ಟಿಯ ಪಕ್ಕ ನಿಲ್ಲುತ್ತಿದ್ದರು. ಮೀಸೆ ನಿಧಾನವಾಗಿ ಮೊದಲಿನ ಸ್ಥಿತಿಗೆ ಬರುತ್ತಿತ್ತು.

ತಿಂಗಳ ಕೊನೆಯ ದಿನ ಕಂಪನಿಯವನು ಟೇಪು, ನೋಟ್‌ಬುಕ್ಕು ಹಿಡಿದು ಬಂದ. ದೊಡ್ಡ ಡಾಕ್ಟರೂ ಅವನ ಜೊತೆಗಿದ್ದರು. ಅಂದೇ ಹೂವು ಹನ್ನೆರಡನೇ ಕಿಟಕಿ ಮುಟ್ಟಿತ್ತು. ಗೇಟಿನ ಕಡೆಯದು ಬಾಡಿ ಬಗ್ಗಿತ್ತು, ನಡುವಿನದು ತುಂಬಿ ನಿಂತಿತ್ತು, ಕೊನೆಯದು ಆಗಷ್ಟೇ ಕಣ್ಣು ಬಿಟ್ಟಿತ್ತು. ಸೊಸೆ ಬಾಡಿದ ಹೂಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ಅವರನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

ಕಂಪನಿಯವನು ಒಂದು ನೋಟಕ್ಕೇ ಹಿಡಿದುಬಿಟ್ಟ. ಕೆಲಸ ಬಲ್ಲವನೇ.

"ಇದು ತಪ್ಪಾಗಿ ನೆಟ್ಟಿರೋದು ಸಾರ್. ಆಳ ಹೆಚ್ಚುಕಮ್ಮಿ ಆಗಿದೆ. ನಾವು ಮಾಡಿದ್ರೆ ಪೂರ್ತಿ ಪಟ್ಟಿ ಒಂದೇ ದಿನ ಅರಳುತ್ತೆ, ಒಂದೇ ವಾರದಲ್ಲಿ ಮುಗಿಯುತ್ತೆ, ಕ್ಲೀನಾಗಿ."

ಡಾಕ್ಟರ ಕಣ್ಣು ಕಿಟಕಿಗಳ ಮೇಲಿತ್ತು. ಒಳಗೆ ಕಂಡಕ್ಟರಮ್ಮ ಒಂಬತ್ತು ದಾಟಿದಳು, ಹತ್ತು ದಾಟಿದಳು. ಕೈಯಲ್ಲಿ ನಾಲ್ಕು ಕಾಲಿನ ವಾಕರ್ ಇರಲಿಲ್ಲ, ಬರೀ ಒಂದು ಕೋಲು. ಹಿಂದೆ ಹದಿನಾಲ್ಕು ಜನ. ಹನ್ನೊಂದರ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. ಹನ್ನೆರಡನೆಯದರ ಸರಳು ಹಿಡಿದು ಹೊರಗೆ ಬಗ್ಗಿದಾಗ ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಆ ತೊಡೆಗೆ ರಾಡು ಹಾಕಿದ್ದು ದೊಡ್ಡ ಡಾಕ್ಟರೇ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ತಪ್ಪಾಗಿ ನೆಟ್ಟಿರೋದು, ಒಪ್ಕೋತೀನಿ," ಎಂದರು ಕಂಪನಿಯವನಿಗೆ. "ಇದೇ ತಪ್ಪನ್ನ ಮುಂದಿನ ವರ್ಷಾನೂ ಮಾಡೋಕೆ ನಿಮಗೆ ಬರುತ್ತಾ?"

ಕಂಪನಿಯವನು ನೋಟ್‌ಬುಕ್ಕು ಮುಚ್ಚಿದ. ಡಾಕ್ಟರು ಸೊಸೆಯ ಕಡೆ ತಿರುಗಿದರು.

"ನಿಮಗೆ ಬರುತ್ತಾ, ಮುಖ್ಯ ಮಾಲಿಯವರೇ?"

ಬುಟ್ಟಿ ಅವಳ ಕೈಯಿಂದ ಜಾರಿತು. ಆ ಎರಡು ಪದಕ್ಕೆ ಅವಳು ಒಂಬತ್ತು ವರ್ಷ ಬಗ್ಗಿದ್ದಳು. ಸಂತೋಷ ಕಣ್ಣಿನಿಂದ ಹೊರಟಿತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಇದು ನನ್ನ ಮಾವನ ಕೈಗೆಲಸ ಸಾರ್. ಪಾಯ ಅಂತ ತೋಡ್ಸಿದ್ರು."

"ತಪ್ಪಾಯ್ತು ಡಾಕ್ಟ್ರೇ," ಎಂದರು ಮಾವ. ಧ್ವನಿಯಲ್ಲಿ ತಪ್ಪಿನ ಲವಲೇಶವೂ ಇರಲಿಲ್ಲ.

ಅಷ್ಟರಲ್ಲಿ ಹನ್ನೆರಡನೇ ಕಿಟಕಿಯ ಮಂಚದಿಂದ ಒಬ್ಬಾಕೆ ಗೊಣಗಿದಳು. ಸೊಂಟದ ಮೂಳೆ ಮುರಿದುಕೊಂಡ ಟೈಲರಮ್ಮ ಅವಳು. "ಎಲ್ಲರೂ ನಡೆದು ನಡೆದು ಕಾಲು ಬರಿಸ್ಕೊಂಡ್ರು. ನಾನು ಎದ್ದು ಕೂರೋ ಅಷ್ಟೊತ್ತಿಗೆ ಹೂವೇ ನನ್ನ ಮಂಚದ ಹತ್ರ ಬಂತು. ಇನ್ನು ನಾನು ನಡೆದು ಎಲ್ಲಿಗೆ ಹೋಗ್ಲಿ?"

ಸೊಸೆ ಕಿಟಕಿಯ ಕಡೆ ನೋಡಿದಳು, ಪಟ್ಟಿಯ ಉದ್ದಕ್ಕೆ ಗೇಟಿನವರೆಗೆ ಕಣ್ಣು ಹಾಯಿಸಿದಳು. ಯಾರ ಅಪ್ಪಣೆಗೂ ಕಾಯಲಿಲ್ಲ.

"ಮಾವ, ಎಲೆ ಒಣಗಿದ ಮೇಲೆ ಗೆಡ್ಡೆಗಳನ್ನೆಲ್ಲ ಕಿತ್ತು ಮತ್ತೆ ನೆಡೋದು. ಮುಂದಿನ ಸಲ ಗೇಟಿನ ಕಡೆ ಮೊಣಕೈ ಆಳ, ಈ ಕಡೆ ಮುಕ್ಕಾಲು ಗೇಣು. ಹನ್ನೆರಡರಿಂದ ಶುರುವಾಗಿ ಒಂದರ ಕಡೆಗೆ ನಡೀಬೇಕು ಹೂವು. ಆ ಕಡೆಯವರಿಗೆ ಈ ಸಲ ಆಯ್ತು, ಈ ಕಡೆಯವರಿಗೂ ಆಗ್ಬೇಕು."

"ಆಗುತ್ತೆ ಬಿಡಮ್ಮ," ಎಂದರು ಮಾವ. "ಜೊತೆಗಾರರಿಗೆ ಇವತ್ತೇ ಹೇಳಿಡ್ತೀನಿ."

ದೊಡ್ಡ ಡಾಕ್ಟರು ಹುಬ್ಬೇರಿಸಿದರು. "ನನ್ನನ್ನ ಒಂದು ಮಾತು ಕೇಳೋದಿಲ್ವಾ?"

"ಇಲ್ಲ ಸಾರ್," ಎಂದಳು ಅವಳು. "ನಿಮಗೆ ಹೇಳ್ತಾ ಇದೀನಿ."

ಡಾಕ್ಟರು ನಕ್ಕು, ಟೈಲರಮ್ಮನ ಕಾಲು ನೋಡಲು ಒಳಗೆ ಹೋದರು.